ಕುರ್ಚಿಗೊಂದು ದೃಷ್ಟಿಬೊಟ್ಟು

ಕಾರ್ಖಾನೆಯ ಯಜಮಾನರು ಆ ದಿನ ತುಟಿ ಪಿಟಕ್ಕೆನ್ನಲಿಲ್ಲ. ಪೆನ್ಸಿಲ್ ಮೇಡಂಗೆ ಫಜೀತಿ ಶುರುವಾದದ್ದು ಅಲ್ಲಿಂದ.

ಮೀಟಿಂಗ್ ರೂಮಿನ ಮೇಜಿನ ಮೇಲೆ ಕುರ್ಚಿಯ ಸ್ಯಾಂಪಲ್ ಕೂತಿತ್ತು. ವಯಸ್ಸಾದವರು ಕೂತುಕೊಂಡು ಸ್ನಾನ ಮಾಡುವ ಪ್ಲಾಸ್ಟಿಕ್ ಕುರ್ಚಿ. ಬಿಳಿ ಮೈ, ನೀರು ಇಳಿಯಲು ಸೀಟಿನ ತುಂಬ ತೂತು, ಕಾಲಿಗೆ ರಬ್ಬರ್ ಬೂಟು, ಎರಡು ಪಕ್ಕಕ್ಕೂ ಕೈ. ಬಲಗೈಯ ಹೊರಮಗ್ಗುಲಲ್ಲಿ ಹೆಬ್ಬೆರಳು ದಪ್ಪದ, ಕಿತ್ತಳೆ ಬಣ್ಣದ ಒಂದು ಕೊಂಬು. ಅದು ಯಾಕಿದೆ ಎಂದು ಯಾರಿಗೂ ಹೊಳೆಯುವಂತಿರಲಿಲ್ಲ. ಹೋಗುವಾಗ ಬರುವಾಗ ಬಟ್ಟೆಗೆ ಸಿಕ್ಕಿಕೊಳ್ಳುವ, ಪಕ್ಕದಲ್ಲಿ ನಿಂತವರ ತೊಡೆಗೆ ತಿವಿಯುವ ಕೊಂಬು. ಕಣ್ಣಿದ್ದವರು ಮೊದಲು ಅದನ್ನೇ ತೆಗೆಸಬೇಕು.

ಯಜಮಾನರಿಗೆ ಕಣ್ಣಿತ್ತು. ಅವರು ಕೊಂಬನ್ನು ನೋಡಿದ್ದನ್ನು ಪೆನ್ಸಿಲ್ ಮೇಡಂ ನೋಡಿದಳು. ಆದರೆ ಅವರು ಎಂದಿನ ಹಾಗೆ ಎದ್ದು ಮೇಜಿನ ಸುತ್ತ ಸುತ್ತಲಿಲ್ಲ. ಜೇಬಿನಿಂದ ಪೆನ್ನು ತೆಗೆಯಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಫೋಟೋಗೆ ಕೂತವರ ಹಾಗೆ ಕೂತಿದ್ದರು.

"ಹೇಳಿ ಸರ್," ಎಂದಳು.

"ಏನ್ ಹೇಳ್ಲಿ?"

"ಏನಾದ್ರೂ ಬದಲಾಯಿಸ್ಬೇಕಾ ಅಂತ."

"ನಿಮ್ ಕೆಲಸ ನಿಮಗೆ ಗೊತ್ತು. ನಾನ್ಯಾಕೆ ಮಧ್ಯದಲ್ಲಿ ಮೂಗು ತೂರಿಸ್ಲಿ?"

ಎದುರಿಗೆ ಕೂತಿದ್ದ ಸೇಲ್ಸ್ ಮ್ಯಾನೇಜರನ ಬಿಸ್ಕತ್ತು ಅರ್ಧ ಕರಗಿ ಚಹಾದೊಳಗೆ ಬಿತ್ತು. ಯಜಮಾನರು ಮೂಗು ತೂರಿಸದ ಮೀಟಿಂಗನ್ನು ಅವನು ಈವರೆಗೆ ಕಂಡಿರಲಿಲ್ಲ.

"ಆದ್ರೂ ಒಂದ್ಸಲ ಹತ್ತಿರದಿಂದ ನೋಡಿ ಸರ್. ಈ ಬಲಗಡೆ..." ಅವಳು ಕುರ್ಚಿಯನ್ನು ತಿರುಗಿಸಿ ಕೊಂಬನ್ನು ಅವರ ಮುಖಕ್ಕೇ ಹಿಡಿದಳು.

ಯಜಮಾನರು ಕೊಂಬಿನಿಂದ ಕಣ್ಣು ಕಿತ್ತು ಬೇರೆ ಕಡೆ ನೋಡಿದರು. "ಚೆನ್ನಾಗಿದೆ," ಎಂದರು, ಕಹಿ ಔಷಧಿ ನುಂಗಿದವರ ಹಾಗೆ. ಆಮೇಲೆ ಕುರ್ಚಿಯನ್ನು ತಲೆಕೆಳಗು ಮಾಡಿ, ಸೀಟಿನ ಅಡಿಯಲ್ಲಿ ಮಾರ್ಕರಿನಿಂದ ಸಹಿ ಹಾಕಿದರು. ಆ ಕಾರ್ಖಾನೆಯಲ್ಲಿ ಅದೇ ಒಪ್ಪಿಗೆ. ಸಹಿ ಬಿತ್ತೆಂದರೆ ಸ್ಯಾಂಪಲ್ಲು ಅಚ್ಚಿನ ಮೇಸ್ತ್ರಿಯ ಶೆಡ್ಡಿಗೆ ಹೋಗುತ್ತದೆ, ಅವನು ಉಕ್ಕಿನಲ್ಲಿ ಅಚ್ಚು ಕೊರೆಯುತ್ತಾನೆ. ಉಕ್ಕಿನಲ್ಲಿ ಕೊರೆದ ಗುಂಡಿಯನ್ನು ಮತ್ತೆ ತುಂಬುವುದು ಸುಲಭವಲ್ಲ. ಆಮೇಲೆ ಹುಟ್ಟುವ ಒಂದೊಂದು ಕುರ್ಚಿಯೂ ಕೊಂಬು ಸಮೇತ ಹುಟ್ಟುತ್ತದೆ.

ಪೆನ್ಸಿಲ್ ಮೇಡಂ ಆ ಕಾರ್ಖಾನೆಯ ಡಿಸೈನರ್. ಬಕೆಟ್ಟು, ಜಗ್ಗು, ಸ್ಟೂಲು, ಮಗುವಿನ ಟಬ್ಬು, ಅಲ್ಲಿ ತಯಾರಾಗುವ ಎಲ್ಲದಕ್ಕೂ ರೂಪ ಕೊಡುವವಳು ಅವಳೇ. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅದನ್ನೇ ರೂಮೆಲ್ಲ ಹುಡುಕುತ್ತಿದ್ದುದರಿಂದ ಕೆಲಸದವರು ಆ ಹೆಸರಿಟ್ಟಿದ್ದರು. ಕೆಲಸದಲ್ಲಿ ಗಟ್ಟಿಗಿತ್ತಿ. ಆದರೆ ಕೆಲಸ ಉಳಿಸಿಕೊಳ್ಳಲು ಅವಳು ಒಂದು ಕಳ್ಳದಾರಿ ಹಿಡಿದಿದ್ದಳು.

ಅವಳು ಸೇರಿದ ಹೊಸದರಲ್ಲಿ ಒಂದು ನೀರಿನ ಜಗ್ಗು ಮಾಡಿದ್ದಳು. ಯಜಮಾನರು ಮೇಜಿನ ಸುತ್ತ ಸುತ್ತಿ, ಹಿಡಿ ದಪ್ಪ ಮಾಡಿ ಎಂದರು. ಯಾಕೆ ಸರ್ ಎಂದು ಕೇಳಿದ್ದಕ್ಕೆ, ಹೇಳಿದಷ್ಟು ಮಾಡಿ ಎಂದರು. ದಪ್ಪ ಮಾಡಿದಳು. ಮೂತಿ ಮೊಂಡು ಮಾಡಿ ಎಂದರು. ಮಾಡಿದಳು. ಮುಚ್ಚಳ ಚಪ್ಪಟೆ ಇರಲಿ ಎಂದು ಸೇಲ್ಸ್ ಮ್ಯಾನೇಜರ್ ಸೇರಿಸಿದ. ಕೂತವರೆಲ್ಲ ತಾವೂ ಇದ್ದೆವು ಎಂದು ತೋರಿಸಲು ಒಂದೊಂದು ಮಾತು ಸೇರಿಸಿದರು. ಕೊನೆಗೆ ಹುಟ್ಟಿದ ಜಗ್ಗು ಲೋಟ ಬಿಟ್ಟು, ಬಗ್ಗಿಸಿದವರ ಮೊಣಕೈಗೆ ನೀರು ಸುರಿಯುತ್ತಿತ್ತು. ಅಂಗಡಿಗಳಿಂದ ಮಾಲು ವಾಪಸ್ ಬಂದಾಗ ಎಲ್ಲರೂ ಒಟ್ಟಾಗಿ ಡಿಸೈನರ್ ಕಡೆ ತಿರುಗಿ ನೋಡಿದರು.

ಅದಾದ ಮೇಲಿನದು ಒಂದು ಮಗ್ಗು. ಸ್ಯಾಂಪಲ್ಲಿನ ಹಿಡಿಯ ಮೇಲೆ ಅಂಟಿನ ಗಂಟೊಂದು ಒಣಗಿ ಉಳಿದಿತ್ತು. ಉಜ್ಜಿ ತೆಗೆಯಲು ಮರೆತಿದ್ದಳು. ಯಜಮಾನರ ಕಣ್ಣು ನೇರ ಅಲ್ಲಿಗೇ ಹೋಯಿತು. "ಇದೇನ್ರೀ ಇದು ಅಸಹ್ಯ? ತೆಗೀರಿ!" ಎಂದು ಗುಡುಗಿ, ತೃಪ್ತಿಯಿಂದ ಸಹಿ ಹಾಕಿಬಿಟ್ಟರು. ಉಳಿದದ್ದೆಲ್ಲ ಅವಳು ಮಾಡಿದ ಹಾಗೇ ಉಳಿಯಿತು.

ಅವಳಿಗೆ ದಾರಿ ಸಿಕ್ಕಿತು. ಅಲ್ಲಿಂದ ಮುಂದೆ ಪ್ರತಿ ಸ್ಯಾಂಪಲ್ಲಿಗೂ ಬೇಕೆಂದೇ ಒಂದು ಅವಲಕ್ಷಣ. ಯಜಮಾನರು ಅದನ್ನು ಕಂಡುಹಿಡಿದು ತೆಗೆಸುವುದು, ಅವಳು ನಗು ಅದುಮಿಕೊಂಡು "ಹೌದು ಸರ್, ನನಗೆ ಹೊಳೀಲಿಲ್ಲ" ಎನ್ನುವುದು. ಸ್ಯಾಂಪಲ್ ರೂಮಿನ ಮೇಸ್ತ್ರಿ ಅದಕ್ಕೆ ದೃಷ್ಟಿಬೊಟ್ಟು ಎಂದು ಹೆಸರಿಟ್ಟಿದ್ದ. "ಈ ಸಲದ ದೃಷ್ಟಿಬೊಟ್ಟು ಎಲ್ಲಿಗೆ ಮೇಡಂ?" ಎಂದು ಕೇಳಿಯೇ ಅವನು ಗರಗಸ ಎತ್ತಿಕೊಳ್ಳುತ್ತಿದ್ದ.

ಆದರೆ ಹೋದ ವಾರ ಯಜಮಾನರು ಮಾಲೀಕರಿಗೆಂದೇ ನಡೆಸುವ ಯಾವುದೋ ತರಬೇತಿಗೆ ಹೋಗಿಬಂದಿದ್ದರು. ಅಲ್ಲಿ ಕೋಟು ಹಾಕಿದವನೊಬ್ಬ, ಡಿಸೈನರನ್ನು ಕೆಲಸಕ್ಕಿಟ್ಟುಕೊಂಡ ಮೇಲೆ ನಿಮ್ಮ ಬಾಯಿಗೆ ಬೀಗ ಹಾಕಿ, ಬೀಗದಕೈ ಅವರ ಕೈಗೆ ಕೊಡಿ ಎಂದಿದ್ದನಂತೆ. ಯಜಮಾನರು ಏನನ್ನೂ ಅರ್ಧಂಬರ್ಧ ಮಾಡುವವರಲ್ಲ. ಹಾಕಿಕೊಂಡೇ ಬಂದಿದ್ದರು.

ಮೀಟಿಂಗ್ ಮುಗಿದ ಕೂಡಲೇ ಅವಳು ಸೇಲ್ಸ್ ಮ್ಯಾನೇಜರನನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ಆ ಕೊಂಬು ಚೆನ್ನಾಗಿಲ್ಲ ಅಂತ ನೀವಾದ್ರೂ ಹೇಳ್ಬಾರ್ದಾ?"

"ಮಾಡಿದೋರು ನೀವು, ಸಹಿ ಹಾಕಿದೋರು ಅವರು. ಮಧ್ಯದಲ್ಲಿ ನಾನ್ಯಾರ್ರೀ?"

"ಯಾವತ್ತೂ ಏನಾದ್ರೂ ಒಂದು ಹೇಳ್ತಿದ್ರಲ್ಲ."

"ಅವರು ಶುರು ಮಾಡಿದ್ರೆ ನಾನು ಹಿಂದೆ ಒಂದು ಸೇರಿಸ್ತೀನಿ. ನಾನೇ ಶುರು ಮಾಡೋ ಪೈಕಿ ಅಲ್ಲ," ಎಂದು ಆತ ಪ್ರಾಮಾಣಿಕವಾಗಿಯೇ ಹೇಳಿ ಮೆಟ್ಟಿಲಿಳಿದು ಹೋದ.

ಅಚ್ಚಿನ ಮೇಸ್ತ್ರಿಗೆ ಫೋನು ಮಾಡಿದಳು. ಕೊಂಬಿಲ್ಲದ ಡ್ರಾಯಿಂಗ್ ಅವಳ ಬಳಿ ಯಾವತ್ತಿನಂತೆ ತಯಾರಿತ್ತು. ಅದನ್ನು ಕಳಿಸಿದರೆ ನಡೆಯುತ್ತದೆಯೇ ಎಂದು ಸುತ್ತು ಬಳಸಿ ಕೇಳಿದಳು.

"ಸಹಿ ಬಿದ್ದಿರೋ ಸ್ಯಾಂಪಲ್ಲು ನನ್ ಕಣ್ಣೆದುರಿಗಿದೆ ಮೇಡಂ. ಇದರಲ್ಲಿ ಕೊಂಬಿದೆ. ಡ್ರಾಯಿಂಗಲ್ಲಿ ಇಲ್ಲ ಅಂದ್ರೆ ನಾನು ಯಜಮಾನ್ರನ್ನೇ ಕೇಳೋದು."

"ಆ ಜಾಗದಲ್ಲಿ ಪ್ಲಾಸ್ಟಿಕ್ ಸರಿಯಾಗಿ ತುಂಬಲ್ಲ ಅಂತ ನೀವೇ ಹೇಳಿದ್ರೆ?"

"ಚೆನ್ನಾಗೇ ತುಂಬುತ್ತೆ ಮೇಡಂ. ನಾಳೆ ಬೆಳಿಗ್ಗೆ ಉಕ್ಕು ಯಂತ್ರಕ್ಕೇರಿಸ್ತೀನಿ. ಅಷ್ಟರೊಳಗೆ ಅದೇನು ಅಂತ ನೀವೂ ಅವರೂ ಮಾತಾಡ್ಕೊಳ್ಳಿ."

ಮನೆಗೆ ಬಂದಾಗ ಗಂಡ ಕಿಟಕಿಯ ಪಕ್ಕದ ತನ್ನ ಕೆಲಸದ ಬೆಂಚಿನಲ್ಲಿ ಕೂತಿದ್ದ. ಅವನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯರು ಅಳತೆ ತೆಗೆದು ಕಳಿಸುತ್ತಾರೆ, ಇವನು ಮೇಣದಲ್ಲಿ ವಸಡು ಕಟ್ಟಿ ಹಲ್ಲು ಜೋಡಿಸುತ್ತಾನೆ. ಅವನ ಮುಂದೆ ಯಾರದೋ ಮೇಲ್ದವಡೆ ನಗುತ್ತಾ ಕೂತಿತ್ತು. ಅವಳು ಕೈಚೀಲ ಇಳಿಸುವ ಮೊದಲೇ ನಡೆದದ್ದನ್ನೆಲ್ಲ ಒದರಿದಳು.

"ಅಯ್ಯೋ, ಬಯ್ಯೋರು ಬಯ್ಯಲಿಲ್ಲ ಅಂತ ಅಳ್ತಾ ಬಂದಿದ್ಯಲ್ಲೇ," ಎಂದ ಅವನು.

"ತಮಾಷೆ ಬೇಡ."

"ತಮಾಷೆ ಅಲ್ಲ. ಸೆಟ್ಟು ಸರಿ ಮಾಡಿಸ್ಕೊಳ್ಳೋಕೆ ನನ್ನತ್ರ ಎರಡು ಥರದವರು ಬರ್ತಾರೆ. ಒಬ್ಬ, ಬಾಯಿ ತೆಗೆಯೋಕೆ ಮುಂಚೆನೇ 'ಇಲ್ಲಿ ಕೆರೀರಿ, ಅಲ್ಲಿ ಉಜ್ರಿ' ಅಂತಾನೆ. ಉಜ್ಜಿದ್ರೆ ಕೆಟ್ಟೋಗುತ್ತೆ, ನೋವಿರೋದೇ ಬೇರೆ ಕಡೆ. ಇನ್ನೊಬ್ಬ 'ಎಲ್ಲಾ ಚೆನ್ನಾಗಿದೆ' ಅಂತ ಹೋಗಿ, ಮನೇಲಿ ಸೆಟ್ಟನ್ನ ಲೋಟದಲ್ಲಿಟ್ಟು ಗಂಜಿ ಕುಡೀತಾನೆ. ಎಲ್ಲಿ ನೋವು ಅಂತ ಬೆರಳಿಟ್ಟು ತೋರಿಸಿ, ಆಮೇಲೆ ನನ್ನ ಪಾಡಿಗೆ ನನ್ನ ಬಿಡೋನು ಸಿಕ್ಕಿದ್ರೆ ಅವನ ಕಾಲಿಗೆ ಬೀಳ್ಬೇಕು ಅನ್ಸುತ್ತೆ."

"ನಮ್ಮ ಯಜಮಾನರು ಮೊದಲನೆಯೋರಾಗಿದ್ರು. ಈಗ ಎರಡನೆಯೋರಾಗಿದಾರೆ."

"ನೀನು?"

"ನಾನೇನು?"

"ನೀನು ಸೆಟ್ಟಿನೊಳಗೆ ಬೇಕಂತಲೇ ಒಂದು ಕಲ್ಲಿಟ್ಟು ಕೊಡೋಳು."

ಒಳಗಿನಿಂದ ಅತ್ತೆಯ ದನಿ ಬಂತು: "ಯಾರ ಹಲ್ಲಲ್ಲೋ ಕಲ್ಲು?"

"ನಿನ್ನ ಸೊಸೇದಮ್ಮ, ನೀನು ಟೀವಿ ನೋಡು," ಎಂದ. ಆಮೇಲೆ ಮೇಣದ ಚಾಕುವನ್ನು ಒರೆಸುತ್ತಾ ತಗ್ಗಿದ ದನಿಯಲ್ಲಿ ಕೇಳಿದ, "ಕೊಂಬಿನ ವಿಷಯ ಹಾಗಿರಲಿ. ಉಳಿದ ಕುರ್ಚಿ ಸರಿ ಇದೆ ಅಂತ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಈ ಕುರ್ಚಿಯ ಬಗ್ಗೆಯಷ್ಟೇ ಅಲ್ಲ, ಇಷ್ಟು ಕಾಲ ಅವಳು ಮಾಡಿದ ಯಾವ ವಸ್ತುವಿನ ಬಗ್ಗೆಯೂ ಯಾರೂ ಹೇಳಿರಲಿಲ್ಲ. ಎಲ್ಲರ ಕಣ್ಣನ್ನು ಒಂದು ಅವಲಕ್ಷಣದ ಕಡೆಗೆ ಎಳೆದು, ಉಳಿದದ್ದರ ಮೇಲೆ ಕಣ್ಣು ಬೀಳದ ಹಾಗೆ ಅವಳೇ ನೋಡಿಕೊಂಡಿದ್ದಳು. ಅಂಗಡಿಗಳಿಂದ ವಾಪಸ್ ಬರದಿದ್ದುದನ್ನೇ ಒಳ್ಳೆಯದೆಂದು ನಂಬಿದ್ದಳು. ಬಕೆಟ್ಟಿಗಾದರೆ ಅದು ಸಾಕು. ಇದರ ಮೇಲೆ ಒದ್ದೆ ನೆಲದಲ್ಲಿ ಮುದುಕರು ಕೂರಬೇಕು.

ಮರುದಿನ ಅವಳು ಕಾರ್ಖಾನೆ ಗೇಟು ತೆರೆಯುವ ಹೊತ್ತಿಗೇ ಹೋದಳು. ಯಜಮಾನರ ಕೋಣೆಯಲ್ಲಿ ಮೆತ್ತನೆಯ ಕುರ್ಚಿ ಇರಲಿಲ್ಲ. ಅವರು ತಮ್ಮದೇ ಕಾರ್ಖಾನೆಯ ನೀಲಿ ಸ್ಟೂಲಿನ ಮೇಲೆ ಕೂತು ಬಿಸಿನೀರು ಕುಡಿಯುತ್ತಿದ್ದರು. ಹಿಂದಿನ ಗಾಜಿನ ಬೀರುವಿನಲ್ಲಿ ಅಲ್ಲಿ ತಯಾರಾದ ಸಾಮಾನುಗಳು ಸಾಲಾಗಿ ನಿಂತಿದ್ದವು.

"ಸರ್, ಕುರ್ಚಿಯ ಕೊಂಬು ತಪ್ಪು. ತೆಗೀಬೇಕು."

"ಯಾವ ಕೊಂಬು?" ಎಂದರು, ಕಾಣದವರ ಹಾಗೆ.

"ಕಿತ್ತಳೆ ಬಣ್ಣದ್ದು. ಅದನ್ನ ಬೇಕಂತಲೇ ಇಟ್ಟಿದ್ದೆ. ನೀವು ತೆಗೆಸ್ತೀರಿ ಅಂತ."

ಯಜಮಾನರು ಲೋಟ ಕೆಳಗಿಟ್ಟರು. "ಅಂದ್ರೆ?"

"ನೀವು ಏನಾದ್ರೂ ಒಂದು ಬದಲಾಯಿಸದೆ ಸಹಿ ಹಾಕಲ್ಲ. ಬೇಕಾದ್ದನ್ನ ಬದಲಾಯಿಸಿಬಿಟ್ರೆ ಕಷ್ಟ ಅಂತ ಬೇಡದ್ದೊಂದನ್ನ ಇಡ್ತಿದ್ದೆ."

"ಇಡ್ತಿದ್ದೆ ಅಂದ್ರೆ? ಇದೊಂದೇ ತಾನೇ?"

"ಅಲ್ಲ ಸರ್."

ಅವರು ಸ್ಟೂಲಿನ ಮೇಲೆ ಕೂತಲ್ಲೇ ತಿರುಗಿ ಬೀರುವಿನ ಕಡೆ ನೋಡಿದರು. ಅವರ ಕಣ್ಣು ಒಂದೊಂದೇ ಸಾಮಾನಿನ ಮೇಲೆ ನಿಂತು ಮುಂದೆ ಹೋಗುತ್ತಿತ್ತು. ಮಗುವಿನ ಟಬ್ಬಿನ ಹತ್ತಿರ ಬಂದು ಅಲ್ಲೇ ನಿಂತಿತು.

"ಮೊಲದ ಕಿವಿ?"

ಟಬ್ಬಿನ ಸ್ಯಾಂಪಲ್ಲಿಗೆ ಎರಡು ಪಕ್ಕದಲ್ಲೂ ಮೊಲದ ಕಿವಿಯಂಥ ಹಿಡಿ ಇಟ್ಟಿದ್ದಳು. ಅದನ್ನು ತೆಗೆಸಿದವರು ಯಜಮಾನರು. ಆ ಟಬ್ಬು ಅವರ ಕಾರ್ಖಾನೆಯಲ್ಲೇ ಅತಿ ಹೆಚ್ಚು ಮಾರಾಟವಾದ ಸಾಮಾನು.

ಅವಳು ತಲೆ ತಗ್ಗಿಸಿದಳು.

"ಮೊಲದ ಕಿವೀನೂನಾ?" ಅವರ ದನಿ ಸಣ್ಣದಾಯಿತು. "ಬೀಗರ ಮುಂದೆ ಹೇಳಿದ್ದೀನಲ್ರೀ ಅದನ್ನ! ಬಂದೋರಿಗೆಲ್ಲ ಹೇಳಿದ್ದೀನಿ. ಟಬ್ಬು ಗೆದ್ದದ್ದು ಯಾಕೆ ಗೊತ್ತಾ, ಮೊಲದ ಕಿವಿ ಕುಯ್ಸಿದೋನು ನಾನು ಅಂತ."

"ಕ್ಷಮಿಸಿ ಸರ್."

"ಇದು ಯಾರ್ಯಾರಿಗೆ ಗೊತ್ತು?"

"ಸ್ಯಾಂಪಲ್ ರೂಮಿನವರಿಗೆಲ್ಲ."

"ಇದಕ್ಕೆ ಹೆಸರೂ ಇಟ್ಟಿರ್ತೀರಿ ಅಲ್ವಾ?"

"ದೃಷ್ಟಿಬೊಟ್ಟು ಅಂತ."

ಅವರ ಮೀಸೆಯ ಒಂದು ತುದಿ ಅಲುಗಿತು. ನಕ್ಕಾರು ಎಂದು ಅವಳಿಗೆ ಕ್ಷಣಕಾಲ ಅನಿಸಿತು. ನಗಲಿಲ್ಲ. ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ಮಾಡಿ ನಿಂತರು.

"ನಾನು ಅಷ್ಟು ದಡ್ಡ ಅಂದ್ಕೊಂಡ್ರಾ?"

"ದಡ್ಡ ಅಂತಲ್ಲ ಸರ್. ಭಯ."

"ನನ್ನ ಕಂಡ್ರೆ?"

"ನಿಮ್ಮ ಪೆನ್ನು ಕಂಡ್ರೆ. ಇದು ಉದ್ದ ಮಾಡಿ, ಅದು ಮೊಂಡು ಮಾಡಿ ಅಂತೀರಿ. ಯಾಕೆ ಅಂತ ಹೇಳಲ್ಲ. ಯಾಕೆ ಅಂತ ಗೊತ್ತಾದ್ರೆ ನಾನು ಬೇರೆ ದಾರಿ ಹುಡುಕಬಹುದು. ಕೇಳಿದ್ರೆ ಹೇಳಿದಷ್ಟು ಮಾಡಿ ಅಂತೀರಿ."

"ಎಷ್ಟು ಸಲ ಕೇಳಿದ್ರಿ?"

ಅವಳು ಯೋಚಿಸಿದಳು. ಸುಳ್ಳು ಹೇಳುವ ಉತ್ಸಾಹ ಉಳಿದಿರಲಿಲ್ಲ. "ಆ ಜಗ್ಗು ಮಾಡುವಾಗ ಕೇಳಿದ್ದೆ."

"ಆಮೇಲೆ?"

"ಆಮೇಲೆ ದೃಷ್ಟಿಬೊಟ್ಟು."

"ನೋಡಿ ಮತ್ತೆ." ಯಜಮಾನರು ತಿರುಗಿದರು. ಮುಖ ಕೆಂಪಾಗಿತ್ತು, ಆದರೆ ದನಿ ಏರಿರಲಿಲ್ಲ. "ನನಗೂ ಆ ಕೊಂಬು ಕಂಡಿತ್ತು ಕಣ್ರೀ. ಕಣ್ಣಿಗೆ ಹೆಟ್ಟಿದ ಹಾಗೆ ಕಂಡಿತ್ತು. ನಾಲಿಗೆ ಕಚ್ಕೊಂಡು ಕೂತಿದ್ದೆ. ನೀವೇನೋ ದೊಡ್ಡದಾಗಿ ಯೋಚನೆ ಮಾಡಿರ್ತೀರಿ, ನನ್ನಂಥೋನಿಗೆ ಅರ್ಥ ಆಗಲ್ಲ ಅಂದ್ಕೊಂಡೆ. ಮನೇಲಿ ಹೆಂಡತಿಗೂ ಹೇಳ್ದೆ, ಈ ಸಲ ಒಂದು ಮಾತೂ ಆಡಲಿಲ್ಲ ಅಂತ. ಅವಳು ಭೇಷ್ ಅಂದ್ಳು."

ಅವರು ಮತ್ತೆ ಸ್ಟೂಲಿನ ಮೇಲೆ ಬಂದು ಕೂತರು.

"ಒಂದು ಕೇಳ್ತೀನಿ, ನಿಜ ಹೇಳಿ. ಇಷ್ಟು ದಿನ ನಾನು ಆಡಿದ್ದರಲ್ಲಿ ಒಂದಾದ್ರೂ ಕೆಲಸಕ್ಕೆ ಬಂದ ಮಾತಿತ್ತಾ?"

"ಇತ್ತು. ಅದೇ ಟಬ್ಬು. ಮೀಟಿಂಗ್ ರೂಮಲ್ಲಿ ನೀವು ಅದಕ್ಕೆ ನೀರು ತುಂಬಿಸಿ ಎತ್ತೋಕೆ ಹೋದ್ರಿ. ಕಾರ್ಪೆಟ್ಟೆಲ್ಲ ಒದ್ದೆ ಆಯ್ತು. ಅಂಚು ಬೆರಳಿಗೆ ಕೊಯ್ಯುತ್ತೆ ಅಂದ್ರಿ. ಏನು ಮಾಡ್ಬೇಕು ಅಂತ ಹೇಳ್ಲಿಲ್ಲ, ಕೊಯ್ಯುತ್ತೆ ಅಂತಷ್ಟೇ ಅಂದ್ರಿ. ನಾನು ಹೋಗಿ ಅಂಚನ್ನ ಒಳಗೆ ಸುತ್ತಿದೆ. ಟಬ್ಬು ಗೆದ್ದದ್ದು ಆ ಅಂಚಿಂದ. ತಾಯಂದಿರು ನೀರು ತುಂಬಿದ ಟಬ್ಬನ್ನ ಎತ್ತಿ ಬಗ್ಗಿಸಬಹುದು."

"ನನಗೆ ನೆನಪೇ ಇಲ್ಲ," ಎಂದರು ಯಜಮಾನರು.

"ನಾನು ಹೇಳ್ಬೇಕಿತ್ತು."

"ಹೇಳ್ಬೇಕಿತ್ತು." ಅವರು ಫೋನು ಎತ್ತಿಕೊಂಡು ಅಚ್ಚಿನ ಮೇಸ್ತ್ರಿಗೆ ಹಚ್ಚಿದರು. "ನಿಲ್ಸಪ್ಪಾ... ಕುರ್ಚಿದು... ಹೌದು, ನಾನೇ ಸಹಿ ಹಾಕಿದ್ದು... ತಲೆ ಕೆಟ್ಟಿದೆ ಅಂತಲೇ ಇಟ್ಕೋ." ಫೋನಿಟ್ಟು, ಅವಳ ಮುಖ ನೋಡದೆ ಹೇಳಿದರು, "ಹೋಗಿ. ಕರೆಯೋವರೆಗೂ ಈ ಕಡೆ ಬರಬೇಡಿ. ಇನ್ನು ಮೇಲೆ ನೀವು ಏನು ತಂದಿಟ್ರೂ ಇದರಲ್ಲಿ ಯಾವುದು ನಿಜ, ಯಾವುದು ಬೊಟ್ಟು ಅಂತ ನಾನು ಹುಡುಕ್ತಾ ಕೂರೋ ಹಾಗೆ ಮಾಡಿದ್ರಿ."

ಅದು ನಿಜವಾಗಿದ್ದರಿಂದ ಅವಳಿಗೆ ಬೈಗುಳಕ್ಕಿಂತ ಜೋರಾಗಿ ತಗುಲಿತು.

ಆ ವಾರ ಸ್ಯಾಂಪಲ್ ರೂಮಿನಲ್ಲಿ ಯಾರೂ ನಗಲಿಲ್ಲ. ಸ್ಯಾಂಪಲ್ಲು ಶೆಡ್ಡಿನಿಂದ ವಾಪಸ್ ಬಂದಿತ್ತು. ಮೇಸ್ತ್ರಿ ಗರಗಸ ತಂದು ಕೊಂಬನ್ನು ಕುಯ್ದು, ಆ ಜಾಗವನ್ನು ಉಜ್ಜಿ ನುಣ್ಣಗೆ ಮಾಡಿದ. "ಬೇರೆ ಕಡೆ ಎಲ್ಲಾದ್ರೂ ಕೆಲಸಕ್ಕೆ ಹೇಳಿಟ್ಟಿರಿ ಮೇಡಂ," ಎಂದು ಗೋಡೆಗೆ ಹೇಳಿದವನ ಹಾಗೆ ಹೇಳಿದ. ಅವಳು ಡ್ರಾಯರುಗಳನ್ನು ಖಾಲಿ ಮಾಡಿದಳು. ಆಗಾಗ ಕುರ್ಚಿಯ ಮೇಲೆ ತಾನೇ ಕೂತು, ಎದ್ದು ನೋಡಿದಳು. ಎಲ್ಲ ಸರಿಯಾಗಿದ್ದಂತೆಯೇ ಇತ್ತು. ಮೊಣಕಾಲು ಗಟ್ಟಿಯಿರುವವಳು ಒಣಗಿದ ನೆಲದ ಮೇಲೆ ಕೂತರೆ ಯಾವ ಕುರ್ಚಿ ತಾನೇ ಸರಿಯಿರುವುದಿಲ್ಲ?

ಕರೆ ಬರಲಿಲ್ಲ. ಯಜಮಾನರೇ ಬಂದರು. ಸ್ಯಾಂಪಲ್ ರೂಮಿನ ಬಾಗಿಲಲ್ಲಿ ನಿಂತು, ಮರದ ಹೊಟ್ಟು, ಅರ್ಧಂಬರ್ಧ ಮಾದರಿಗಳು, ರಟ್ಟಿನ ತುಂಡುಗಳನ್ನೆಲ್ಲ ಮೊದಲ ಸಲ ಬಂದವರಂತೆ ನೋಡಿದರು. ಮೊದಲ ಸಲವೇ ಬಂದಿದ್ದು. ಅವರು ಈವರೆಗೆ ನೋಡಿದ್ದೆಲ್ಲ ಬಣ್ಣ ಬಳಿದು ಮೇಜಿನ ಮೇಲೆ ಬಂದು ಕೂತ ಸಾಮಾನನ್ನೇ.

"ಇದಿಷ್ಟು ಹಾಳು ಮಾಡಿದ ಮೇಲೆ ಒಂದು ಬರುತ್ತಾ?"

"ಹೌದು ಸರ್."

"ಇದನ್ನ ನನಗ್ಯಾಕೆ ತೋರಿಸ್ತಿರ್ಲಿಲ್ಲ?" ಎಂದು ಕೇಳಿ, ಉತ್ತರ ತಮಗೇ ಹೊಳೆದಂತೆ ಕೈ ಅಲ್ಲಾಡಿಸಿ ಕುರ್ಚಿಯನ್ನು ಎತ್ತಿಕೊಂಡರು. "ಬನ್ನಿ. ಕಾರಲ್ಲಿ ಕೂರಿ."

ದಾರಿಯಲ್ಲಿ ಅವರು ರಸ್ತೆಯನ್ನೇ ನೋಡುತ್ತಾ ಮಾತಾಡಿದರು. ಅವರಿಗೊಬ್ಬ ಅಕ್ಕ. ಹೈಸ್ಕೂಲಿನಲ್ಲಿ ಆಟದ ಮೇಡಂ ಆಗಿದ್ದವರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು, ಯಾರಿಗೂ ಹೇಳದೆ, ಮೈ ನೀಲಿಗಟ್ಟಿದ ಮೇಲೆ ಗೊತ್ತಾದದ್ದು. ಅಂದಿನಿಂದ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡೇ ದಿನ ತಳ್ಳುತ್ತಿದ್ದಾರೆ. ಸೊಸೆ ಸ್ನಾನ ಮಾಡಿಸುತ್ತೇನೆಂದರೆ ಚಂಬು ಎಸೆಯುತ್ತಾರೆ.

"ಕುರ್ಚಿ ಮಾಡಬೇಕು ಅನ್ಸಿದ್ದು ಇದಕ್ಕಾ ಸರ್?"

"ಮತ್ತೆ?"

"ಬೆಳ್ಳಗಿರಲಿ, ಒಂದರ ಮೇಲೊಂದು ಪೇರಿಸೋ ಹಾಗಿರಲಿ ಅಂತಷ್ಟೇ ಹೇಳಿದ್ರಿ ನೀವು."

"ಮನೆ ವಿಷಯ ಆಫೀಸಲ್ಲಿ ಯಾಕೆ ಅಂತ ಸುಮ್ಮನಾದೆ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಹೇಳಿದ್ರೆ ಬೇರೆ ಥರ ಮಾಡ್ತಿದ್ರಾ?"

"ಗೊತ್ತಿಲ್ಲ. ಮೊದಲು ಬಂದು ಅವರ ಬಚ್ಚಲು ನೋಡ್ತಿದ್ದೆ."

ಅಕ್ಕ ಬಾಗಿಲು ತೆರೆದರು. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಇಡೀ ಮೈದಾನಕ್ಕೆ ಕೇಳಿಸುವ ಕಂಠ. ಮೊದಲು ಕುರ್ಚಿಯನ್ನು, ಆಮೇಲೆ ತಮ್ಮನನ್ನು, ಕೊನೆಗೆ ಪೆನ್ಸಿಲ್ ಮೇಡಂಳನ್ನು ನೋಡಿದರು.

"ಏನೋ, ನನಗೆ ಸ್ನಾನ ಮಾಡ್ಸೋಕೆ ಆಫೀಸಿಂದ ಜನ ಕರ್ಕೊಂಡು ಬಂದ್ಯಾ?"

"ಸ್ನಾನ ಬೇಡಕ್ಕಾ. ಬಟ್ಟೆ ಹಾಕ್ಕೊಂಡೇ ಒಂದ್ಸಲ ಕೂತು ತೋರಿಸು."

"ಕೂರೋದನ್ನ ನೋಡೋಕೆ ಕಾರು ಹತ್ತಿ ಬಂದ್ರಾ? ಹಾಗಾದ್ರೆ ಬೇರೆ ಕೆಲಸ ಇಲ್ಲ ನಿಮಗೆ."

ಬಚ್ಚಲಿನ ಬಾಗಿಲು ಕಿರಿದು. ಪೇರಿಸಲು ಅನುಕೂಲವಾಗಲೆಂದು ಕಾಲುಗಳನ್ನು ಹೊರಕ್ಕೆ ಅಗಲಿಸಿದ್ದ ಕುರ್ಚಿ ನೇರವಾಗಿ ಒಳಗೆ ಹೋಗಲಿಲ್ಲ. ಯಜಮಾನರು ಓರೆ ಮಾಡಿ, ಬೆರಳು ಜಜ್ಜಿಸಿಕೊಂಡು ನುಗ್ಗಿಸಿದರು. ಅಕ್ಕ ಹಿಂದೆಯೇ ಚಪ್ಪಲಿ ಬಿಟ್ಟು ಒಳಗಡಿಯಿಟ್ಟರು. ಪೆನ್ಸಿಲ್ ಮೇಡಂ ಬಾಗಿಲಲ್ಲಿ ನಿಂತು, "ಸ್ನಾನಕ್ಕೆ ಕೂರೋ ಹಾಗೇ ಕೂರಿ ಅಮ್ಮಾ. ನಾವಿಲ್ಲ ಅಂದ್ಕೊಳ್ಳಿ," ಎಂದಳು.

"ಇಷ್ಟು ದೊಡ್ಡ ಜೀವ ಎರಡು ಬಾಗಿಲಿಗೆ ಅಡ್ಡ ನಿಂತ್ಕೊಂಡು, ಇಲ್ಲ ಅಂದ್ಕೋಬೇಕಂತೆ."

ಹಾಗೆನ್ನುತ್ತಲೇ ಅಕ್ಕ ಕುರ್ಚಿಗೆ ಬೆನ್ನು ಮಾಡಿದರು. ಮೊಣಕಾಲು ಬಾಗಿಸಲು ಹೋದವರು ತಡೆದು ನಿಂತರು. ಕುರ್ಚಿಯ ಎರಡು ಕೈಗಳು ಹಿಂದೆ, ಕಣ್ಣಿಗೆ ಕಾಣದ ಕಡೆ ಇದ್ದವು. ಅವರ ಬಲಗೈ ಮುಂದಕ್ಕೆ ಚಾಚಿತು. ಗೋಡೆಯ ನಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡಿತು. ನಲ್ಲಿ ಬುಡಸಮೇತ ಅಲುಗಾಡಿತು. ಆ ನಲ್ಲಿಯ ಮೇಲೆಯೇ ಇಡೀ ಭಾರ ಬಿಟ್ಟು, ಅಕ್ಕ ಧೊಪ್ಪನೆ ಕುರ್ಚಿಯಲ್ಲಿ ಕೂತರು.

"ಆಯ್ತಾ? ಸಮಾಧಾನ ಆಯ್ತಾ?"

ಪೆನ್ಸಿಲ್ ಮೇಡಂ ಆ ನಲ್ಲಿಯನ್ನೇ ನೋಡಿದಳು. ಕೂತವರು ಹೇಗಿರುತ್ತಾರೆ ಎಂದು ಅವಳು ಎಷ್ಟೋ ಚಿತ್ರ ಬರೆದಿದ್ದಳು. ಕೂರುವ ಮೊದಲು ಮನುಷ್ಯ ಏನನ್ನು ಹಿಡಿಯುತ್ತಾನೆ ಎಂದು ಒಂದನ್ನೂ ಬರೆದಿರಲಿಲ್ಲ.

ಪಕ್ಕದಲ್ಲಿ ಯಜಮಾನರ ಕೈ ಆಗಲೇ ಜೇಬಿನ ಪೆನ್ನಿಗೆ ಹೋಗಿತ್ತು. "ಒಂದು ಕೆಲಸ ಮಾಡಿ," ಎಂದು ಶುರು ಮಾಡಿದರು, "ಆ ಕೈಗಳನ್ನ ಮುಂದಕ್ಕೆ ಉದ್ದ ಎಳೆದು, ಅದಕ್ಕೊಂದು..." ಅಲ್ಲಿಗೆ ನಿಲ್ಲಿಸಿ, ಪೆನ್ನಿನಿಂದ ಕೈ ತೆಗೆದರು.

ಈ ಸಲ ಅವಳು ಬಿಡಲಿಲ್ಲ. "ಏನು ಕಾಣಿಸ್ತು ಸರ್, ಅದನ್ನ ಹೇಳಿ."

"ನಲ್ಲಿ ಹಿಡ್ಕೊಂಡ್ಳು," ಎಂದರು ಯಜಮಾನರು. "ಕುರ್ಚಿ ಕೈ ಮುಟ್ಟಲೇ ಇಲ್ಲ. ಹೋದ ವರ್ಷ ಬಿದ್ದಾಗಲೂ ನಲ್ಲೀನೇ ಹಿಡಿದಿದ್ಳೇನೋ. ಮತ್ತೆ, ಕಾಲು ನೋಡಿ."

ಅವಳು ನೋಡಿರಲಿಲ್ಲ. ಕುರ್ಚಿ ಅಳತೆಯಲ್ಲಿ ಸರಿಯಾಗಿಯೇ ಇತ್ತು. ಆದರೆ ಬಚ್ಚಲಿನ ನೆಲ ನೀರು ಹರಿಯಲೆಂದು ಮುಂದಕ್ಕೆ ಇಳಿಜಾರಾಗಿತ್ತು. ಅಕ್ಕನಂಥ ಎತ್ತರದವರದೂ ಹೆಬ್ಬೆರಳಷ್ಟೇ ನೆಲಕ್ಕೆ ತಾಗಿತ್ತು, ಹಿಮ್ಮಡಿ ಗಾಳಿಯಲ್ಲಿತ್ತು. ಅವರು ಒಂದೊಂದು ಕೂದಲೆಳೆಯಷ್ಟೇ ಮುಂದಕ್ಕೆ ಜಾರುತ್ತಿದ್ದರು.

"ಪೇರಿಸೋದನ್ನ ಬಿಡಬೇಕಾಗುತ್ತೆ," ಎಂದಳು. "ಮುಂದಿನ ಕಾಲೂ ಹಿಂದಿನ ಕಾಲೂ ಬೇರೆ ಬೇರೆ ಉದ್ದಕ್ಕೆ ಬರೋ ಹಾಗಾದ್ರೆ..."

"ಪೇರಿಸದಿದ್ರೆ ಲಾರೀಲಿ ಹಿಡಿಯಲ್ಲ ಅಂತ ಸೇಲ್ಸಿನೋನು ಬಾಯಿ ಬಡ್ಕೋತಾನೆ."

"ಬಡ್ಕೊಳ್ಳಲಿ. ಯಾಕೆ ಅಂತ ಅವರಿಗೂ ಇಲ್ಲಿ ತೋರಿಸೋಣ."

"ಇಲ್ಲಿಗೆ ಇನ್ನೊಬ್ಬನ್ನ ಕರ್ಕೊಂಡು ಬಂದ್ರೆ ನೋಡು," ಎಂದರು ಅಕ್ಕ. "ನನ್ನ ಬಚ್ಚಲೇನು ಛತ್ರಾನಾ?"

"ಅಮ್ಮಾ, ಇನ್ನೊಂದೇ ಸಲ," ಎಂದಳು ಪೆನ್ಸಿಲ್ ಮೇಡಂ, ಬಾಗಿಲಲ್ಲೇ ನೆಲಕ್ಕೆ ಕೂತು. "ಎದ್ದು, ಮತ್ತೆ ಕೂರ್ತೀರಾ? ಆದಷ್ಟು ನಿಧಾನಕ್ಕೆ."

"ನಿಮ್ಮ ಕುರ್ಚಿ ಇನ್ನೊಂದು ಸಲ ತಡೆಯುತ್ತೋ ಏನೋ. ನನ್ನ ಮೊಣಕಾಲು ತಡೀಬೇಕಲ್ಲ?" ಎಂದು ಗೊಣಗುತ್ತಲೇ ಅಕ್ಕ ಮತ್ತೆ ನಲ್ಲಿಗೆ ಕೈ ಚಾಚಿದರು. ಯಜಮಾನರು ಹೌಹಾರಿ ಮುಂದೆ ನುಗ್ಗಿ, ತಮ್ಮ ತೋಳನ್ನು ಮಧ್ಯೆ ಒಡ್ಡಿದರು.

ಅಕ್ಕ ಆ ತೋಳಿಗೆ ಒಂದು ಏಟು ಕೊಟ್ಟರು. "ಅಡ್ಡ ನಿಲ್ಬೇಡವೋ. ಆ ಹುಡುಗಿಗೆ ಕಾಣಬೇಕಲ್ಲ."

ಯಜಮಾನರು ಪಕ್ಕಕ್ಕೆ ಸರಿದರು. ಹೊರಗೆ ಹೋಗಲಿಲ್ಲ. ಗೋಡೆಗೆ ಅಂಟಿಕೊಂಡು, ಅಕ್ಕನ ಕೈಯನ್ನೇ ನೋಡುತ್ತಾ ನಿಂತರು.